ಕಲ್ಲಿನಂತೆ ಕಾಣುವ ಸೋಪು: ಮನೆಯಲ್ಲೇ ಮಾಡಿದರೆ ‘ಕೆಮಿಕಲ್ ಇಲ್ಲ’ ಎನ್ನಬಹುದೇ?

ನೇರಳೆ ಬಣ್ಣ, ಚೂಪಾದ ಅಂಚು, ಅಲ್ಲಲ್ಲಿ ಚಿನ್ನದ ಗೆರೆ. ನೋಡಿದರೆ ಅಮೆಥಿಸ್ಟ್ ಕಲ್ಲು, ನೀರು ತಾಗಿದರೆ ನೊರೆ. ಇಂಥ ಸೋಪು ಮಾಡುವ ವಿಡಿಯೋಗಳನ್ನು ನೀವೂ ನೋಡಿರಬಹುದು. ‘ಮನೆಯಲ್ಲೇ ಮಾಡಿದ್ದು, ಕೆಮಿಕಲ್ ಇಲ್ಲವೇ ಇಲ್ಲ’ ಎಂಬ ಮಾತು ಮಾತ್ರ ನಿಜವಲ್ಲ.

ಎಣ್ಣೆ ಅಥವಾ ಕೊಬ್ಬಿನ ಜೊತೆ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿ ರಾಸಾಯನಿಕ ಕ್ರಿಯೆ ನಡೆದಾಗಲೇ ಗಟ್ಟಿ ಸೋಪು ಹುಟ್ಟುವುದು; ಜೊತೆಗೆ ಗ್ಲಿಸರಿನ್ ಬರುತ್ತದೆ. ಅಳತೆ ಸರಿಯಿದ್ದು ಕ್ರಿಯೆ ಪೂರ್ತಿಯಾದರೆ ಸೋಪಿನಲ್ಲಿ ಕಾಸ್ಟಿಕ್ ಉಳಿಯುವುದಿಲ್ಲ. ಕಲ್ಲಿನ ಸೋಪಿಗೆ ಹೆಚ್ಚಿನವರು ಬಳಸುವುದು ಅಂಗಡಿಯ ಸಿದ್ಧ ‘ಸೋಪ್ ಬೇಸ್’. ಆ ಕ್ರಿಯೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮನೆಯಲ್ಲಿ ಉಳಿಯುವ ಕೆಲಸ ಇಷ್ಟೇ: ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬಣ್ಣ ಬೆರೆಸಿ, ಪದರ ಪದರವಾಗಿ ಸುರಿದು, ಗಟ್ಟಿಯಾದ ಮೇಲೆ ಚಾಕುವಿನಿಂದ ಓರೆಯಾಗಿ ಕೆತ್ತುವುದು. ಹೊಳಪಿಗೆ ಅಭ್ರಕದ ಪುಡಿ. ಪದರಗಳು ಅಂಟಲೆಂದು ಆಲ್ಕೋಹಾಲ್ ಸಿಂಪಡಿಸುತ್ತಾರೆ. ಅದಕ್ಕೆ ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ಬೇಡ.

ಬಣ್ಣಕ್ಕೆ ಅರಿಸಿನ ಹಾಕಿದರೆ ಒಳ್ಳೆಯದಲ್ಲವೇ? ಹಾಕಬಹುದು. ಆದರೆ ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಆರತಿಯ ಓಕುಳಿ ಕೆಂಪಾಗುವುದು ಗೊತ್ತಲ್ಲ, ಸೋಪೂ ಕ್ಷಾರವೇ. ಹಳದಿ ಕೆಂಪಿನತ್ತ ತಿರುಗುತ್ತದೆ. ಇನ್ನು ಗ್ಲಿಸರಿನ್ ಗಾಳಿಯ ತೇವ ಹೀರುವುದರಿಂದ ಕರಾವಳಿಯ ಮಳೆಗಾಲದಲ್ಲಿ ಇಂಥ ಸೋಪಿನ ಮೇಲೆ ಹನಿ ಮೂಡುತ್ತದೆ. ಕೆಟ್ಟಿದೆ ಎಂದು ಎಸೆಯಬೇಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ.

ನಿಜವಾದ ಅಪಾಯ ಇರುವುದು ‘ಬೇಸ್ ಯಾಕೆ, ಕಾಸ್ಟಿಕ್ ತಂದು ನೀವೇ ಮಾಡಿ’ ಎನ್ನುವ ವಿಡಿಯೋಗಳಲ್ಲಿ. ಕಾಸ್ಟಿಕ್ ನೀರಿಗೆ ಬಿದ್ದ ಕೂಡಲೇ ದ್ರಾವಣ ಸುಡುವಷ್ಟು ಬಿಸಿಯಾಗುತ್ತದೆ. ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು; ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ: ಪಾತ್ರೆ ಸವೆದು ಹೈಡ್ರೋಜನ್ ಅನಿಲ ಬರುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ, ಕಣ್ಣಳತೆಯಲ್ಲಿ ಮಾಡುವವರನ್ನು ಅನುಕರಿಸಬೇಡಿ ಎಂದೇ ನಾವು ಹೇಳುತ್ತೇವೆ. ಮೈಗೆ ಅಥವಾ ಕಣ್ಣಿಗೆ ಸಿಡಿದರೆ ವಿನೆಗರ್, ನಿಂಬೆರಸ ಹುಡುಕುತ್ತಾ ಕೂರದೆ ತಕ್ಷಣ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಿ, ಆಮೇಲೆ ವೈದ್ಯರ ಬಳಿ ಹೋಗಿ. ಮಗು ಕಾಸ್ಟಿಕ್ ನುಂಗಿದರೆ ವಾಂತಿ ಮಾಡಿಸಬೇಡಿ. ಅದು ಮತ್ತೊಮ್ಮೆ ಗಂಟಲು ಸುಡುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಸ್ಫಟಿಕದ ಸೋಪಿನಿಂದ ‘ಕಲ್ಲಿನ ಶಕ್ತಿ’ ಮೈಗೆ ಸೇರುತ್ತದೆ ಎಂಬುದಕ್ಕೆ ಆಧಾರವಿಲ್ಲ; ಅದರೊಳಗೆ ಅಮೆಥಿಸ್ಟ್ ಕಲ್ಲೇ ಇರುವುದಿಲ್ಲ. ಆದರೆ ಬಿಳಿ ಪಾರದರ್ಶಕ ತುಂಡು ಥೇಟ್ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಅದನ್ನು ಗಾಜಿನ ಬಟ್ಟಲಲ್ಲಿ ತುಂಬಿ ಹಾಲ್‌ನಲ್ಲಿ ಅಲಂಕಾರಕ್ಕೆ ಇಡುವ ಮುಂಚೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ ನೋಡಿ.