ನೋಡದೆಯೂ ಬರೆಯಬಹುದಾದ ವಿಮರ್ಶೆ

ನಮ್ಮಲ್ಲಿ ಅಚ್ಚಾಗುವ ನಾಟಕ ವಿಮರ್ಶೆಗಳಲ್ಲಿ ಹೆಚ್ಚಿನವನ್ನು ನಾಟಕ ನೋಡದೆಯೇ ಬರೆಯಬಹುದು. ಮೊದಲು ದೀಪ ಹಚ್ಚಿದ ಗಣ್ಯರ ಹೆಸರು. ಆಮೇಲೆ ಮುಕ್ಕಾಲು ಪಾಲು ಕಥೆ. ಕೊನೆಗೆ ‘ಎಲ್ಲರೂ ಪಾತ್ರಗಳಿಗೆ ಜೀವ ತುಂಬಿದರು, ಬೆಳಕು ಪೂರಕವಾಗಿತ್ತು, ಸಂಗೀತ ಹದವಾಗಿತ್ತು’ ಎಂಬ ಮೂರು ಮಾತು. ಅಚ್ಚುಮೊಳೆಯ ಕಾಲವಾಗಿದ್ದರೆ ಈ ಮೂರನ್ನೂ ಜೋಡಿಸಿಯೇ ಇಟ್ಟುಕೊಳ್ಳಬಹುದಿತ್ತು. ಬೆಳಕು ಯಾವುದಕ್ಕೆ ಪೂರಕ ಎಂದು ಮಾತ್ರ ಯಾರೂ ಕೇಳಬಾರದು!

ತಪ್ಪು ವರದಿಗಾರರದೊಂದೇ ಅಲ್ಲ. ಕನ್ನಡ ಮೇಷ್ಟರನ್ನು ಕರೆದು ಬರೆಸಿದರೂ ಆಗುವುದು ಇಷ್ಟೇ. ವಸ್ತು, ಪಾತ್ರ, ಸಂಭಾಷಣೆ, ಸಂದೇಶ ಎಂದು ಪರೀಕ್ಷೆಯ ಉತ್ತರದಂತೆ ಬರೆದು ಮುಗಿಸುತ್ತಾರೆ. ಪುಸ್ತಕವನ್ನು ತಲೆಯಲ್ಲಿಟ್ಟುಕೊಂಡು ಕಲಾಕ್ಷೇತ್ರದ ಒಳಗೆ ಹೋದವರು ಅದೇ ಪುಸ್ತಕದೊಂದಿಗೆ ಹೊರಗೆ ಬರುತ್ತಾರೆ. ನಡುವಿನ ಎರಡು ಗಂಟೆ ಏನಾಯಿತೆಂಬುದಕ್ಕೆ ಸಾಕ್ಷಿಯಿಲ್ಲ.

ಗಿರೀಶ ಕಾರ್ನಾಡರ ‘ತುಘಲಕ್’ (1964) ತೆಗೆದುಕೊಳ್ಳಿ. ಆದರ್ಶವಾದಿ ಸುಲ್ತಾನ, ದೆಹಲಿಯಿಂದ ದೌಲತಾಬಾದಿಗೆ ರಾಜಧಾನಿ, ತಾಮ್ರದ ನಾಣ್ಯ, ನೆಹರೂ ಯುಗದ ಭ್ರಮನಿರಸನ: ಇದೆಲ್ಲ ತರಗತಿಯಲ್ಲೇ ಸಿಗುತ್ತದೆ. ಆದರೆ ಆ ನಾಟಕದ ಕಟ್ಟು ಕಂಪೆನಿ ನಾಟಕಗಳದು. ಅಲ್ಲಿ ಮುಂದಿನ ಪರದೆಯ ಎದುರು ಹಾಸ್ಯದ ಸಣ್ಣ ದೃಶ್ಯ ನಡೆಯುತ್ತಿರುವಾಗ ಹಿಂದೆ ಅರಮನೆಯ ಸಜ್ಜು ಆಗುತ್ತಿತ್ತು. ಕಾರ್ನಾಡರು ಆ ಜಾಗಕ್ಕೆ ಅಜೀಜ್ ಮತ್ತು ಆಜಮ್ ಎಂಬ ಇಬ್ಬರು ವಂಚಕರನ್ನು ತಂದರು. ಕೊನೆಯಲ್ಲಿ ಅಜೀಜ್ ಅರಮನೆಯೊಳಕ್ಕೇ ಬಂದು ಸುಲ್ತಾನನ ಎದುರು ನಿಲ್ಲುತ್ತಾನೆ. ಇಂದಿನ ಪ್ರಯೋಗಗಳಲ್ಲಿ ಆ ಪರದೆ ಇರುವುದು ಅಪರೂಪ. ಹಾಗಾದರೆ ಬೀದಿಗೂ ಅರಮನೆಗೂ ಇದ್ದ ಗೆರೆಯನ್ನು ನಿರ್ದೇಶಕ ಹೇಗೆ ತೋರಿಸಿದ? ಅಜೀಜ್ ಆ ಗೆರೆ ದಾಟಿದ್ದು ನಮಗೆ ತಿಳಿಯಿತೆ? ವಿಮರ್ಶಕ ಹೇಳಬೇಕಾದ್ದು ಇದು. ಇನ್ನೂ ಒಂದಿದೆ. ನಾಟಕದ ಕೊನೆಗೆ ಸುಲ್ತಾನ ಸಿಂಹಾಸನದ ಮೇಲೆ ನಿದ್ದೆಹೋಗುತ್ತಾನೆ. ಎಚ್ಚೆತ್ತು, ಎಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡುತ್ತಾನೆ. ಪುಸ್ತಕದಲ್ಲಿ ಇದು ನಾಲ್ಕಾರು ಸಾಲು. ರಂಗದ ಮೇಲೆ ಆ ನಟ ಹೇಗೆ ಮಲಗಿದ? ಸೋತವನಂತೆಯೋ, ಮಗುವಿನಂತೆಯೋ?

ಈ ಪ್ರಶ್ನೆ ಹರಟೆಯದಲ್ಲ. ಸಿ. ಆರ್. ಸಿಂಹ ಅವರ ತುಘಲಕ್ ಪಾತ್ರವನ್ನು ಕಂಡ ಹಿರಿಯರು ಈಗಲೂ ಅದನ್ನು ನೆನೆಯುತ್ತಾರೆ. ಸಿಂಹ 2014ರಲ್ಲಿ ತೀರಿಕೊಂಡರು. ಇಂದು ಅದೇ ಪಾತ್ರಕ್ಕೆ ಬಣ್ಣ ಹಚ್ಚುವ ಹುಡುಗ, ಅವರು ಏನು ಮಾಡಿದರೆಂದು ಕೇಳಿದರೆ, ‘ಅದ್ಭುತ’ ಎಂಬ ಉತ್ತರ ಬರುತ್ತದೆ. ಅದ್ಭುತವನ್ನು ಅಭ್ಯಾಸ ಮಾಡುವುದು ಹೇಗೆ? ಸಿನಿಮಾ ಸುರುಳಿಯಲ್ಲಿ ಉಳಿದೀತು, ಕಾದಂಬರಿ ಕಪಾಟಿನಲ್ಲಿ. ನಾಟಕಕ್ಕೆ ಕಂಡವನ ಮಾತೇ ಗತಿ. ಚಿತ್ರೀಕರಣವಿದೆಯಲ್ಲ ಎನ್ನುವವರು, ಕ್ಯಾಮೆರಾ ನಟನ ಮುಖದ ಮೇಲಿದ್ದಾಗ ಉಳಿದ ರಂಗ ಎಲ್ಲಿ ಹೋಯಿತೆಂದು ಯೋಚಿಸಲಿ.

‘ಹವ್ಯಾಸಿಗಳು ಪಾಪ, ಕೈಯಿಂದ ಹಣ ಹಾಕಿ ಆಡುತ್ತಾರೆ, ಪ್ರೋತ್ಸಾಹಿಸಬೇಕು’ ಎಂಬ ವಾದವೊಂದುಂಟು. ಹೌದು, ಆಡುವವರ ಕಷ್ಟ ನಿಜ. ಆದರೆ ಆರು ವಾರ ಕಚೇರಿ ಮುಗಿಸಿ ಬಂದು ತಾಲೀಮು ಮಾಡಿದ ಹುಡುಗಿಗೆ ‘ಜೀವ ತುಂಬಿದರು’ ಎಂಬ ಸಗಟು ಹೊಗಳಿಕೆಯಲ್ಲಿ ಪಾಲು ಕೊಡುವುದು ಪ್ರೋತ್ಸಾಹವೆ? ಎರಡನೆಯ ಅಂಕದಲ್ಲಿ ಆಕೆಯ ದನಿ ಹಿಂದಿನ ಸಾಲಿಗೆ ತಲುಪಲಿಲ್ಲವೆಂದು ಬರೆದರೆ, ಆಕೆಯನ್ನು ಯಾರೋ ಗಮನಿಸಿದರೆಂದಾದರೂ ಆಯಿತು. ಟಿಕೀಟು ಕೊಂಡ ಪ್ರೇಕ್ಷಕನಂತೂ ಇಂಥ ಪ್ರೋತ್ಸಾಹವನ್ನು ಎರಡು ಸಲ ನಂಬಿ, ಮೂರನೆಯ ಸಲ ಮನೆಯಲ್ಲೇ ಕೂರುತ್ತಾನೆ.

ಜಾಗವಿಲ್ಲವೆಂದು ಸಂಪಾದಕರು ಹೇಳಬಹುದು. ದೀಪ ಹಚ್ಚುವವರ ಚಿತ್ರವನ್ನು ಬಿಟ್ಟರೆ ಹತ್ತು ಸಾಲಿನ ಜಾಗ ಅಲ್ಲೇ ಇದೆ.