ಕರುಳಿನ ದಿಡ್ಡಿಬಾಗಿಲು

ಹಿಂದಿನ ಕೋಟೆಗಳಲ್ಲಿ ಆನೆಗಳು ಹಾದುಹೋಗುವ ಹೆಬ್ಬಾಗಿಲಿನ ಜೊತೆಗೆ, ಒಬ್ಬಿಬ್ಬರು ತಲೆ ತಗ್ಗಿಸಿ ನುಸುಳುವಷ್ಟು ಕಿರಿದಾದ ದಿಡ್ಡಿಬಾಗಿಲೊಂದಿರುತ್ತಿತ್ತು. ಹೆಬ್ಬಾಗಿಲಿಗೆ ಅಗುಳಿ ಬಿದ್ದ ಮೇಲೂ ಊರಿನ ಬಾಳು ನಿಲ್ಲದಂತೆ ಕಾಯುತ್ತಿದ್ದುದು ಅದೇ. ಮನುಷ್ಯನ ಸಣ್ಣಕರುಳಿನಲ್ಲಿಯೂ ಅಂಥ ದಿಡ್ಡಿಬಾಗಿಲೊಂದುಂಟು. ಇಪ್ಪತ್ತನೆಯ ಶತಮಾನದ ಮೊದಲರ್ಧವೆಲ್ಲ ಅದರ ಸುಳಿವು ಪಂಡಿತರಿಗೆ ಹತ್ತಿರಲಿಲ್ಲ.

ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಪ್ರೋಟೀನನ್ನು ಹೂವಿನ ಸರಕ್ಕೆ ಹೋಲಿಸಬಹುದು. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳೇ ಆ ಸರದ ಹೂಗಳು. ಒಂದೊಂದು ಸರದಲ್ಲಿ ನೂರಾರು ಹೂಗಳು. ಇಷ್ಟುದ್ದದ ಸರ ಜೀವಕೋಶದ ಪೊರೆಯನ್ನು ದಾಟಲಾರದು. ಆದುದರಿಂದ ಜಠರದ ಮತ್ತು ಮೇದೋಜೀರಕ ಗ್ರಂಥಿಯ ರಸಗಳು ಅದನ್ನು ತುಂಡುತುಂಡಾಗಿ ಕತ್ತರಿಸುತ್ತವೆ. ಎರಡೋ ಮೂರೋ ಹೂಗಳು ಉಳಿದ ತುಂಡಿಗೆ ಕಿರು ಪೆಪ್ಟೈಡ್ ಎಂದು ಹೆಸರು. 1901ರಲ್ಲಿ ಜರ್ಮನಿಯ ಆಟೊ ಕೋನ್‌ಹೈಮ್, ಈ ತುಂಡುಗಳನ್ನೂ ಬಿಡಿಬಿಡಿಯಾಗಿ ಒಡೆಯುವ ಕಿಣ್ವ ಕರುಳಿನಲ್ಲಿದೆಯೆಂದು ತೋರಿಸಿದನು. ಹಾಗಾದರೆ ರಕ್ತದ ಕಡೆಗೆ ಸಾಗುವುದು ಬಿಡಿ ಅಮೈನೊ ಆಮ್ಲ ಮಾತ್ರವೆಂದು ಎಲ್ಲರೂ ತೀರ್ಮಾನಿಸಿದರು. ಕಿಣ್ವವಿದ್ದುದು ನಿಜ, ತೀರ್ಮಾನ ಮಾತ್ರ ಅವಸರದ್ದು. ಕತ್ತರಿ ಇದೆಯೆಂದ ಮಾತ್ರಕ್ಕೆ ಎಲ್ಲವೂ ಹೊಸ್ತಿಲ ಹೊರಗೇ ಕತ್ತರಿಸಲ್ಪಡಬೇಕೆಂಬ ನಿಯಮವೇನೂ ಇಲ್ಲವಷ್ಟೆ!

1959 ಮತ್ತು 1960ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನ್ಯೂವಿ ಹಾಗೂ ಸ್ಮೈತ್ ಎಂಬ ಇಬ್ಬರು ಇಲಿಯ ಕರುಳನ್ನಿಟ್ಟುಕೊಂಡು ಪರೀಕ್ಷಿಸಿ, ಎರಡು ಹೂಗಳ ತುಂಡು ಒಡೆಯದೆಯೇ ಕೋಶದೊಳಕ್ಕೆ ಹೋಗಿ ಅಲ್ಲಿ ಬಿಡಿಯಾಗುವುದೆಂದು ವಾದಿಸಿದರು. 1968ರಲ್ಲಿ ಲಂಡನ್ನಿನ ಮ್ಯಾಥ್ಯೂಸ್ ಮತ್ತು ಸಂಗಡಿಗರು ಮನುಷ್ಯರಿಗೇ ಗ್ಲೈಸಿನ್ ಎಂಬ ಅಮೈನೊ ಆಮ್ಲವನ್ನು ಕುಡಿಸಿ ನೋಡಿದರು. ಬಿಡಿ ಗ್ಲೈಸಿನ್ನಿಗಿಂತ, ಜೋಡಿಯಾಗಿಯೋ ಮೂರಾಗಿಯೋ ಪೋಣಿಸಿದ ಗ್ಲೈಸಿನ್ನೇ ಬೇಗ ಒಳಸೇರಿತು. ಒಂಟಿಯಾಗಿ ಬಂದವರು ಹೆಬ್ಬಾಗಿಲಲ್ಲಿ ಸಾಲುಗಟ್ಟಿ ನಿಂತಿರುವಾಗ, ಕೈಕೈ ಹಿಡಿದು ಬಂದವರು ಬೇರೆ ದಾರಿಯಲ್ಲಿ ನಡೆದುಬಿಟ್ಟಿದ್ದರು.

ಈ ಬೇರೆ ದಾರಿ ಬರಿಯ ಪಂಡಿತರ ಕುತೂಹಲವಲ್ಲ, ಮಕ್ಕಳ ಪ್ರಾಣದ ಪ್ರಶ್ನೆಯೆಂಬುದನ್ನು ತೋರಿಸಿಕೊಟ್ಟುದು ಒಂದು ಅಪರೂಪದ ಕಾಯಿಲೆ. 1956ರಲ್ಲಿ ಲಂಡನ್ನಿನ ವೈದ್ಯರು ಅದನ್ನು ಬಣ್ಣಿಸಿದರು. ಹಾರ್ಟ್‌ನಪ್ ರೋಗವೆಂದು ಅದರ ಹೆಸರು. ಬಿಸಿಲು ತಾಕಿದರೆ ಮೈಮೇಲೆ ಕೆಂಪು ಗಂದೆ, ನಡೆದರೆ ತೂರಾಟ, ಕೆಲವೊಮ್ಮೆ ಬುದ್ಧಿಭ್ರಮೆ. ಪೆಲ್ಲಾಗ್ರ ರೋಗವನ್ನು ಕಂಡವರಿಗೆ ಪರಿಚಿತವಾದ ಲಕ್ಷಣಗಳೇ. ಟ್ರಿಪ್ಟೊಫೇನ್ ಮುಂತಾದ ಒಂದು ದೊಡ್ಡ ಗುಂಪಿನ ಅಮೈನೊ ಆಮ್ಲಗಳನ್ನು ಈ ರೋಗಿಗಳ ಕರುಳು ಹೀರಲಾರದು. ಮೂತ್ರಪಿಂಡವೂ ಅವನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಸೋರಬಿಡುತ್ತದೆ. ಟ್ರಿಪ್ಟೊಫೇನಿನಿಂದ ಶರೀರವು ನಯಾಸಿನ್ ಎಂಬ ಜೀವಸತ್ತ್ವವನ್ನು ತಯಾರಿಸಿಕೊಳ್ಳುವುದರಿಂದ ಪೆಲ್ಲಾಗ್ರದ ಚಿಹ್ನೆಗಳು ಮೂಡುವುದು ಸಹಜ. ಸಹಜವಲ್ಲದ ಸಂಗತಿ ಬೇರೊಂದು. ಆ ಗುಂಪಿನಲ್ಲಿ ಲ್ಯೂಸಿನ್, ವ್ಯಾಲಿನ್, ಫಿನೈಲ್ ಅಲನಿನ್‌ಗಳೂ ಇವೆ. ಇವಿಲ್ಲದೆ ಮನುಷ್ಯನ ಮಾಂಸ ಬೆಳೆಯಲಾರದು. ಲೆಕ್ಕದಂತೆ ಈ ಮಕ್ಕಳು ತಟ್ಟೆ ತುಂಬ ಉಂಡೂ ಉಪವಾಸದಿಂದ ಸೊರಗಬೇಕಿತ್ತು. ಸೊರಗಲಿಲ್ಲ. ಪುಷ್ಟಿಯಾದ ಊಟವಿದ್ದಲ್ಲಿ ಬಹುಮಟ್ಟಿಗೆ ಇತರ ಮಕ್ಕಳಂತೆಯೇ ಬೆಳೆದರು. ಕೆಲವರಲ್ಲಂತೂ ರೋಗದ ಚಿಹ್ನೆಯೇ ಕಾಣಲಿಲ್ಲ.

1970ರಲ್ಲಿ ಒಗಟು ಬಿಡಿಸಿತು. ಅಮೈನೊ ಆಮ್ಲವನ್ನು ಬಿಡಿಯಾಗಿ ಕೊಟ್ಟಾಗ ರಕ್ತದಲ್ಲಿ ಅದು ಅಷ್ಟೇನೂ ಏರದ ರೋಗಿಯಲ್ಲಿ, ಅದನ್ನೇ ಜೋಡಿ ಕಟ್ಟಿ ಕೊಟ್ಟಾಗ ಏರಿತು. ಹೆಬ್ಬಾಗಿಲು ಕೆಟ್ಟಿತ್ತು, ದಿಡ್ಡಿಬಾಗಿಲು ಕೆಟ್ಟಿರಲಿಲ್ಲ. (ಕೆಟ್ಟ ಬಾಗಿಲಿನ ಜೀನು ಯಾವುದೆಂಬುದು 2004ರಲ್ಲಿ ಪತ್ತೆಯಾಯಿತು.) ಈ ರೋಗಕ್ಕೆ ವೈದ್ಯರು ಹೇಳುವ ಚಿಕಿತ್ಸೆಯೂ ಸರಳ: ಪ್ರೋಟೀನು ಧಾರಾಳವಾಗಿರುವ ಊಟ, ನಯಾಸಿನ್ ಬಗೆಯ ಮಾತ್ರೆ, ಬಿಸಿಲಿನಿಂದ ರಕ್ಷಣೆ.

ಆದರೆ ಆ ದಿಡ್ಡಿಬಾಗಿಲನ್ನು ಕಂಡವರು ಯಾರು? 1994ರವರೆಗೆ ಯಾರೂ ಇಲ್ಲ. ಆ ವರ್ಷ ಅಮೆರಿಕದಲ್ಲಿ ಮತ್ತಿಯಾಸ್ ಹೆಡಿಗರ್, ವಡಿವೇಲ್ ಗಣಪತಿ ಮೊದಲಾದವರಿದ್ದ ತಂಡವು ಒಂದು ವಿಚಿತ್ರ ಉಪಾಯ ಹೂಡಿತು. ಮೊಲದ ಕರುಳಿನ ಕೋಶಗಳಿಂದ ಆರ್‌ಎನ್‌ಎ ಎಂಬ ಆಜ್ಞಾಪತ್ರಗಳನ್ನು ತೆಗೆದು ಕಪ್ಪೆಯ ಮೊಟ್ಟೆಗಳಿಗೆ ಚುಚ್ಚಿದರು. ಯಾವ ಆಜ್ಞಾಪತ್ರ ಹೊಕ್ಕ ಮೊಟ್ಟೆಯು ಇದ್ದಕ್ಕಿದ್ದಂತೆ ಪೆಪ್ಟೈಡನ್ನು ಹೀರತೊಡಗಿತೋ, ಅದರಲ್ಲಿಯೇ ಬಾಗಿಲನ್ನು ಕಟ್ಟುವ ವಿಧಿ ಇರಬೇಕೆಂದು ಜರಡಿ ಹಿಡಿಯುತ್ತ ಹೋಗಿ, ಕೊನೆಗೆ ಒಂದನ್ನು ಹಿಡಿದರು. ಆ ಬಾಗಿಲಿಗೆ ಪೆಪ್ಟ್-1 ಎಂದು ಹೆಸರಾಯಿತು. ಮನುಷ್ಯನ ಪೆಪ್ಟ್-1 ಮರುವರ್ಷವೇ ದೊರೆಯಿತು. ಅದೂ 708 ಅಮೈನೊ ಆಮ್ಲಗಳ ಒಂದು ಪ್ರೋಟೀನು! ಹೂವಿನ ತುಂಡುಗಳಿಗೆ ದಾರಿ ಬಿಡುವ ದ್ವಾರಪಾಲಕನೂ ಹೂವಿನ ಸರವೇ.

ಈ ದ್ವಾರಪಾಲಕನ ಕೆಲಸದ ರೀತಿ ನೋಡತಕ್ಕದ್ದು. ಕರುಳಿನ ಕೋಶದ ಹೊರಮೈಯಲ್ಲಿ ಕೊಂಚ ಹುಳಿಯ ಅಂಶವಿರುತ್ತದೆ. ಎಂದರೆ ಪ್ರೋಟಾನುಗಳು ಅಲ್ಲಿ ಹೆಚ್ಚು, ಒಳಗೆ ಕಡಮೆ. ಇಳಿಜಾರಿನಲ್ಲಿ ನೀರು ಹರಿಯುವಂತೆ ಅವು ಒಳನುಗ್ಗುವಾಗ ಪೆಪ್ಟೈಡೂ ಅವುಗಳೊಡನೆ ಸಾಗುತ್ತದೆ. ಬಾಗಿಲು ಮೊದಲು ಹೊರಗಡೆಗೆ ತೆರೆಯುತ್ತದೆ, ಅತಿಥಿ ಬಂದೊಡನೆ ಮುಚ್ಚುತ್ತದೆ, ಬಳಿಕ ಒಳಗಡೆಗೆ ತೆರೆಯುತ್ತದೆ. ಎರಡೂ ಕದಗಳು ಒಟ್ಟಿಗೆ ತೆರೆದಿರುವುದೇ ಇಲ್ಲ. 2021ರಲ್ಲಿ ಮನುಷ್ಯನ ಪೆಪ್ಟ್-1ರ ರೂಪವು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣಿಸಿತು. ಇಪ್ಪತ್ತು ಹೂಗಳಿಂದ ಎರಡರ ತುಂಡುಗಳನ್ನು 400 ಬಗೆಯಲ್ಲಿ, ಮೂರರವನ್ನು 8,000 ಬಗೆಯಲ್ಲಿ ಕಟ್ಟಬಹುದು. ಇವುಗಳಲ್ಲಿ ಬಹುಪಾಲನ್ನು ಈ ಒಂದೇ ಬಾಗಿಲು ಬರಮಾಡಿಕೊಳ್ಳುತ್ತದೆ. ಹೂವಿನ ಬಣ್ಣ ಅದಕ್ಕೆ ಅಷ್ಟಾಗಿ ಬೇಕಿಲ್ಲ. ತುಂಡಿನ ಎರಡು ತುದಿಗಳನ್ನು ಹಿಡಿದು ಅಳತೆ ನೋಡುತ್ತದೆ. ನಾಲ್ಕು ಹೂವಿನ ತುಂಡು ಬಂದರೆ ಒಳಗೆ ಬಿಡದು. ಒಂಟಿ ಹೂವಿಗೂ ಇಲ್ಲಿ ಪ್ರವೇಶವಿಲ್ಲ. ಮೂತ್ರಪಿಂಡದಲ್ಲಿ ಪೆಪ್ಟ್-2 ಎಂಬ ಇದರ ತಮ್ಮನಿದ್ದಾನೆ. ಸೋಸಿ ಹೋದ ಪೆಪ್ಟೈಡುಗಳನ್ನು ಪೋಲಾಗಗೊಡದೆ ಹಿಂದಕ್ಕೆ ಕರೆತರುವುದು ಅವನ ಪಾಲಿನ ಕೆಲಸ.

ಅಳತೆಯನ್ನಷ್ಟೇ ನೋಡುವ ಕಾವಲುಗಾರನ ಕಣ್ಣಿಗೆ ಮಣ್ಣೆರಚುವುದು ಕಷ್ಟವಲ್ಲ. ಸೆಫಲೆಕ್ಸಿನ್ ಎಂಬ ಔಷಧಿಯ ಆಕಾರವು ಕಿರು ಪೆಪ್ಟೈಡನ್ನು ಹೋಲುವುದರಿಂದ ಅದು ಈ ಬಾಗಿಲಿನಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಬಾಗಿಲಿನ ಪರಿಚಯವಾಗುವುದಕ್ಕೆ ಎಷ್ಟೋ ಮುಂಚಿನಿಂದ ಹೋಗುತ್ತಲೂ ಇತ್ತು. ಸರ್ಪಸುತ್ತಿಗೆ ಕೊಡುವ ಏಸೈಕ್ಲೊವಿರ್ ಎಂಬ ಮದ್ದಿಗೆ ಆ ಭಾಗ್ಯವಿರಲಿಲ್ಲ. ನುಂಗಿದ ಮಾತ್ರೆಯಲ್ಲಿ ಐದನೆಯ ಒಂದು ಪಾಲು ರಕ್ತ ಸೇರಿದರೆ ಹೆಚ್ಚು. ಆದುದರಿಂದ ದಿನಕ್ಕೆ ಐದು ಬಾರಿ ನುಂಗಬೇಕಾಗುತ್ತಿತ್ತು. ನೋವಿನಿಂದ ರಾತ್ರಿಯೆಲ್ಲ ನರಳಿದ ಮುದುಕರಿಗೆ ಇದು ಸಣ್ಣ ತೊಡಕಲ್ಲ. ರಸಾಯನಜ್ಞರು ಅದರ ಬೆನ್ನಿಗೆ ವ್ಯಾಲಿನ್ ಎಂಬ ಅಮೈನೊ ಆಮ್ಲವೊಂದನ್ನು ಕಟ್ಟಿ ವೇಷ ಹಾಕಿದರು. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ವೇಷಧಾರಿಯ ಹೆಸರು ವ್ಯಾಲಸೈಕ್ಲೊವಿರ್. ಪೆಪ್ಟ್-1 ಅದನ್ನು ತನ್ನವನೆಂದೇ ಬಗೆದು ದಾರಿ ಬಿಡುತ್ತದೆ. ಒಳಗೆ ಕಟ್ಟು ಬಿಚ್ಚುತ್ತದೆ. ವ್ಯಾಲಿನ್ ದೇಹದ ಆಹಾರಕ್ಕೆ ಸೇರುತ್ತದೆ, ಮದ್ದು ರಕ್ತಕ್ಕೆ ಹರಿಯುತ್ತದೆ. ಈಗ ಅರ್ಧಕ್ಕೂ ಮಿಕ್ಕಿದ ಪಾಲು ಒಳಗೆ ದಕ್ಕುವುದರಿಂದ, ಸರ್ಪಸುತ್ತಿನ ರೋಗಿ ದಿನಕ್ಕೆ ಮೂರು ಸಲ ಮಾತ್ರೆ ನುಂಗಿದರೆ ಸಾಕು.