ಸಾವಿರ ಆಂಟೆನಾಗಳಿಗೆ ಇನ್ನೊಂದು ದಾರಿ
5ಜಿ ಗೋಪುರದ ಒಂದು ಫಲಕದಲ್ಲಿ 64 ರೇಡಿಯೊ ಸರಪಣಿಗಳು, ಅಂದರೆ ಆಂಟೆನಾಗಳಿಗೆ ಸಂಕೇತ ಒದಗಿಸುವ ಸರ್ಕ್ಯೂಟ್‌ಗಳು, ಇರುವುದು ಈಗ ಸಾಮಾನ್ಯ. ಪ್ರತಿಯೊಂದಕ್ಕೂ ತನ್ನದೇ ಆಂಪ್ಲಿಫೈಯರ್, ತನ್ನದೇ ಕರೆಂಟ್ ಖರ್ಚು. ಸಾವಿರಾರು ಆಂಟೆನಾ ಬೇಕೆಂದಾಗ ಇದು ಬೆಲೆಯಲ್ಲೂ ಬಿಸಿಯಲ್ಲೂ ಕೈಮೀರುತ್ತದೆ. ಮೆಟಾಸರ್ಫೇಸ್ ಆಂಟೆನಾದ ದಾರಿಯೇ ಬೇರೆ. ಅಲೆ ಕಾಲುವೆಯ ನೀರಿನಂತೆ ಹರಿಯುವ ವೇವ್‌ಗೈಡಿನ ಮೇಲೆ, ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಘಟಕಗಳ ಸಾಲು. ಅವುಗಳ ವ್ಯಾರಕ್ಟರ್ ಡಯೋಡಿಗೆ ಕೊಡುವ ವೋಲ್ಟೇಜ್ ಬದಲಿಸಿದರೆ ಯಾವುದರಿಂದ ಎಷ್ಟು ಅಲೆ ಹೊರಚಿಮ್ಮಬೇಕೆಂಬುದು ಬದಲಾಗಿ, ಕಿರಣ ಬೇಕಾದತ್ತ ತಿರುಗುತ್ತದೆ. ಇಡೀ ಸಾಲಿಗೆ ಒಂದೇ ಸರಪಣಿ ಸಾಕು. ಪ್ರತಿ ಘಟಕದ ಮೇಲೆ ಪೂರ್ಣ ಹಿಡಿತ ಸಿಗದು, ನಿಜ. ಉಳಿಯುವ ವಿದ್ಯುತ್ತಿಗೆ ಆ ಬೆಲೆ ತೆರಬಹುದು. ರಚನೆಯ ಬಲದಿಂದಲೇ ಅಲೆಯನ್ನು ಪಳಗಿಸುವುದು ನಮಗೆ ಹೊಸದಲ್ಲ: ಭಾರತದ ವಿಜ್ಞಾನಿ ಜಗದೀಶಚಂದ್ರ ಬೋಸರು 1898ರಲ್ಲೇ ತಿರುಚಿದ ಸೆಣಬಿನ ಕಟ್ಟುಗಳಿಂದ ವಿದ್ಯುತ್ಕಾಂತೀಯ ಅಲೆಗಳ ಧ್ರುವೀಕರಣವನ್ನು ತಿರುಗಿಸಿ ತೋರಿಸಿದ್ದರು. ಅಂಥ ಪರಂಪರೆಯಿರುವ ನಮ್ಮ ಪ್ರಯೋಗಾಲಯಗಳು 6ಜಿಗಾಗಿ ಮೆಟಾಸರ್ಫೇಸ್ ಆಂಟೆನಾಗಳನ್ನು ಇಲ್ಲೇ ವಿನ್ಯಾಸಗೊಳಿಸಬೇಕು, ತಯಾರಿಸಲೂಬೇಕು.